ಮುಳುಗಿದ ಊರಿಗೂ ಒಂದು ಪ್ರವಾಸ



ಮಲೆನಾಡಿನ ಶಾಲೆಗಳಿಂದ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಿಗೆ ಪ್ರವಾಸ ಹೊರಡುವುದುಂಟು. ಕ್ರಿ.ಶ. 578ರಲ್ಲಿ ಮಂಗಳೇಶನು ಬಾದಾಮಿಯ ಮೂರನೆಯ ಗುಹೆಯಲ್ಲಿ ಬರೆಸಿದ ಶಾಸನ, 634ರಲ್ಲಿ ಐಹೊಳೆಯ ಮೇಗುತಿ ಬಸದಿಯ ಗೋಡೆಯನ್ನೇರಿದ ರವಿಕೀರ್ತಿಯ ಪ್ರಶಸ್ತಿ, 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು - ಇವೆಲ್ಲವೂ ಮಕ್ಕಳ ಟಿಪ್ಪಣಿ ಪುಸ್ತಕವನ್ನು ಸೇರುತ್ತವೆ. ಇದು ಅರಸರ ಚರಿತ್ರೆ. ಮನೆತನಗಳ ಚರಿತ್ರೆ ಎಲ್ಲಿದೆ ಎಂಬ ಪ್ರಶ್ನೆ ಪ್ರವಾಸದ ಬಸ್ಸಿನಲ್ಲಿ ಏಳುವುದು ಅಪರೂಪ.

ಅದಕ್ಕೆ ಉತ್ತರವೂ ಅಲ್ಲಿಯೇ ಇದೆ. ಐಹೊಳೆಯ ಲಾಡಖಾನ ಗುಡಿಗೆ ಆ ಹೆಸರು ಬಂದದ್ದು ಅದನ್ನು ಕಟ್ಟಿಸಿದವರಿಂದಲ್ಲ, ಬಹುಕಾಲದ ನಂತರ ಅದರಲ್ಲಿ ವಾಸವಾಗಿದ್ದವನಿಂದ. ಇಳಕಲ್ಲಿನ ಮಗ್ಗದ ಮನೆಗಳಲ್ಲಿ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವ ವಿದ್ಯೆಯನ್ನು ಯಾವ ಶಿಲೆಯೂ ಕಾಪಾಡಲಿಲ್ಲ, ಕುಟುಂಬಗಳು ಕಾಪಾಡಿದವು.

ಶಿಲೆಗೆ ರಕ್ಷಣೆ ಸಿಕ್ಕಂತೆ ಮನೆಗೆ ಸಿಗುವುದಿಲ್ಲ. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ಸುತ್ತುಗೋಡೆ ಕಟ್ಟಿ ಜಲಾಶಯದ ನೀರಿನಿಂದ ಉಳಿಸಲಾಯಿತು. ಆದರೆ ಆಲಮಟ್ಟಿಯ ಹಿನ್ನೀರು ಏರಿದಾಗ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳು ಮುಳುಗಿದವು. ಜನರು ನವನಗರಕ್ಕೆ ತೆರಳಿದರು. ಸುತ್ತಲಿನ ಹಲವಾರು ಹಳ್ಳಿಗಳು ಪುನರ್ವಸತಿ ಕೇಂದ್ರಗಳಾದವು. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಾಧಿಕರಣವು 2010ರಲ್ಲಿ ಸಮ್ಮತಿಸಿತು. ಅದು ಕಾರ್ಯಗತವಾದರೆ ಇನ್ನಷ್ಟು ಮನೆ, ಹೊಲಗಳು ನೀರಿಗೆ ಸೇರುತ್ತವೆ.

ಈ ನೋವು ಮಲೆನಾಡಿಗೆ ಹೊಸತಲ್ಲ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಶರಾವತಿ ಕಣಿವೆಯ ಕುಟುಂಬಗಳು ಹೀಗೆಯೇ ಎದ್ದು ಹೋದವು. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಸಹ್ಯಾದ್ರಿಯಲ್ಲೇ ಹುಟ್ಟಿ ಬಯಲಿಗಿಳಿದ ನದಿಗಳು. ಬೆಟ್ಟದವರಿಗೂ ಬಯಲಿನವರಿಗೂ ನೀರಿನ ನಂಟಿದೆ, ಮುಳುಗಡೆಯ ನಂಟೂ ಇದೆ.

ಆದುದರಿಂದ ಗುಹೆ ನೋಡಿದ ಮಕ್ಕಳು ಅರ್ಧ ದಿನ ಹಿನ್ನೀರಿನ ದಂಡೆಗೂ ಹೋಗಲಿ. ಅಲ್ಲಿಯ ಅಜ್ಜಿಯೊಬ್ಬರು ನೀರಿನತ್ತ ಕೈ ತೋರಿಸಿ ತಮ್ಮ ಮನೆ, ಬಾವಿ, ಜಾತ್ರೆಯ ಬಯಲು ಎಲ್ಲಿತ್ತೆಂದು ಹೇಳಲಿ. ಮಕ್ಕಳು ಅದನ್ನು ಬರೆದುಕೊಳ್ಳಲಿ. ಮರಳಿ ಬಂದು ತಮ್ಮ ಮನೆಯ ಹಿರಿಯರಿಗೂ ಅದೇ ಪ್ರಶ್ನೆ ಕೇಳಲಿ. ಅರಸರ ಪ್ರಶಸ್ತಿ ಹದಿನಾಲ್ಕು ಶತಮಾನ ಉಳಿದಿದೆ. ಅಜ್ಜಿಯ ಮಾತು ಉಳಿಯಬೇಕಾದರೆ ಯಾರಾದರೂ ಈಗಲೇ ಕೇಳಬೇಕು.