ಹಿಮದ ನಾಡಿನ ಹಸಿರುಮನೆ, ನಮ್ಮ ಸಾಲದ ಲೆಕ್ಕ

(ತಾಲ್ಲೂಕು ರೈತ ಸಭೆಯಲ್ಲಿ ಮಾಡಿದ ಭಾಷಣ)



ಬೆಲೆ, ಸಾಲದ ಮಾತಿಗೆ ಮುಂಚೆ ನಿಮ್ಮನ್ನು ಲಡಾಖಿಗೆ ಕರೆದುಕೊಂಡು ಹೋಗುತ್ತೇನೆ. 2023ರ ಸೆಪ್ಟೆಂಬರಿನಲ್ಲಿ ನಾವು ನಾಲ್ಕು ಜನ ರೈತರು ಅಲ್ಲಿಗೆ ಹೋಗಿದ್ದೆವು. ದೇವಸ್ಥಾನ ನೋಡೋಕಲ್ಲ, ಬೇಸಾಯ ನೋಡೋಕೆ.

ಲೇಹ್ ಪಟ್ಟಣ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ವರ್ಷಕ್ಕೆ ಬೀಳುವ ಮಳೆ 100 ಮಿಲಿಮೀಟರ್ ಆಸುಪಾಸು. ಚಳಿಗಾಲದ ರಾತ್ರಿ ಶೂನ್ಯಕ್ಕಿಂತ 20 ಡಿಗ್ರಿ ಕೆಳಗೂ ಇಳಿಯುತ್ತದೆ. ಬಯಲಲ್ಲಿ ಬೆಳೆ ತೆಗೆಯೋದು ಬೇಸಿಗೆಯಲ್ಲಿ ಮಾತ್ರ. ಕಣಿವೆಯ ದಾರಿ ಹಿಮದಿಂದ ಮುಚ್ಚಿದರೆ ಹಸಿ ತರಕಾರಿ ವಿಮಾನದಲ್ಲಿ ಬರಬೇಕು. ಅದರ ಬೆಲೆ ಏನಾಗುತ್ತೆ ಅಂತ ನೀವೇ ಊಹಿಸಿ.

ಅಂಥ ಊರಲ್ಲಿ ಜನವರಿಯಲ್ಲಿ ಪಾಲಕ್, ಕೊತ್ತಂಬರಿ, ಮೂಲಂಗಿ ಬೆಳೀತಾರೆ. ಸೌದೆ ಉರಿಸಿಯಲ್ಲ, ಕರೆಂಟು ಹಾಕಿಯೂ ಅಲ್ಲ. ಚಳಿ ಎಷ್ಟೇ ಇದ್ದರೂ ಅಲ್ಲಿ ವರ್ಷಕ್ಕೆ ಸುಮಾರು 300 ದಿನ ಬಿಸಿಲುಂಟು. ಆ ಬಿಸಿಲನ್ನೇ ಹಿಡಿದಿಡುತ್ತಾರೆ.

ಹೇಗೆ ಅಂದರೆ, ಪೂರ್ವ ಪಶ್ಚಿಮ ಉದ್ದಕ್ಕೆ ಒಂದು ಸಣ್ಣ ಮನೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ತಗ್ಗಿದಾಗಲೂ ಬೆಟ್ಟದ ನೆರಳು ಬೀಳದ ಜಾಗವನ್ನೇ ಹುಡುಕುತ್ತಾರೆ. ಉತ್ತರ, ಪೂರ್ವ, ಪಶ್ಚಿಮಕ್ಕೆ ಹಸಿ ಮಣ್ಣಿಟ್ಟಿಗೆಯ ಗೋಡೆ. ಎರಡು ಪದರ ಗೋಡೆ ಕಟ್ಟಿ ನಡುವೆ ಒಣ ಹುಲ್ಲು ತುಂಬುತ್ತಾರೆ. ಒಳಗಿನ ಬಿಸಿ ಹೊರಗೆ ಹೋಗದ ಹಾಗೆ ಆ ಹುಲ್ಲು ತಡೆಯುತ್ತದೆ. ಉತ್ತರದ ಗೋಡೆಯ ಒಳಮೈಗೆ ಕಪ್ಪು ಬಳಿಯುತ್ತಾರೆ. ದಕ್ಷಿಣಕ್ಕೆ ಮಾತ್ರ ಪ್ಲಾಸ್ಟಿಕ್ ಹಾಳೆ. ಹಗಲು ಗೋಡೆ ಕುಡಿದ ಬಿಸಿಲನ್ನು ರಾತ್ರಿ ಗಿಡಕ್ಕೆ ಕೊಡುತ್ತದೆ. ಇದೇ ಅಲ್ಲಿನ ಒಲೆ.

ನಾವು ಹೋದಾಗ ಚಳಿಗೆ ಸಿದ್ಧತೆ ನಡೆದಿತ್ತು. ಒಬ್ಬ ಹೆಣ್ಣುಮಗಳು ಗೋಡೆಯ ಬಿರುಕಿಗೆಲ್ಲ ಮಣ್ಣು ಮೆತ್ತುತ್ತಿದ್ದಳು. ಹರಿದ ಹಾಳೆಗೆ ತೇಪೆ ಹಾಕಿ ಆಗಿತ್ತು. ಮಡಿಗೆ ಗೊಬ್ಬರ ಸೇರಿಸಿ ಬೀಜ ಬಿತ್ತಿದ್ದಳು. "ಈಗ್ಯಾಕಮ್ಮ ಅವಸರ?" ಅಂತ ಜೊತೆಗಿದ್ದವರ ಮೂಲಕ ಕೇಳಿಸಿದೆ. ಕಡು ಚಳಿಯಲ್ಲಿ ಗಿಡ ಬೆಳೆಯೋದು ನಿಧಾನ, ಅಷ್ಟರೊಳಗೆ ಬೇರು ಬಿಟ್ಟು ನಿಂತಿರಬೇಕು ಅಂದಳು.

ಆಮೇಲೂ ದಿನದ ಕೆಲಸ ತಪ್ಪೋದಿಲ್ಲ. ಮಧ್ಯಾಹ್ನ ಕಿಂಡಿ ತೆಗೆಯಬೇಕು, ಇಲ್ಲದಿದ್ದರೆ ಕಾವು, ತೇವ ಹೆಚ್ಚಿ ರೋಗ ಬರುತ್ತೆ. ಹೊತ್ತು ಇಳಿಯುವ ಮುಂಚೆ ಮುಚ್ಚಬೇಕು. ರಾತ್ರಿ ಹಾಳೆಯ ಒಳಗಡೆ ಬಟ್ಟೆ ಪರದೆ ಎಳೆಯಬೇಕು, ಬಿಸಿಲು ಬಂದ ಮೇಲೆ ಸರಿಸಬೇಕು. ಕಾಲುವೆ ಹೆಪ್ಪುಗಟ್ಟುವುದರಿಂದ ನೀರನ್ನು ಹೊತ್ತು ತಂದು ಹಿತಮಿತವಾಗಿ ಹಾಕಬೇಕು.

ಈಗ ಲೆಕ್ಕಕ್ಕೆ ಬನ್ನಿ. ಮಣ್ಣು ಹೊಲದ್ದು, ಹುಲ್ಲು ಕಣದ್ದು, ತೊಲೆ ತಮ್ಮ ಗಡಿಯ ಮರದ್ದು, ಕೂಲಿ ಮನೆಯವರದು. ಕೊಂಡು ತರಬೇಕಾದ್ದು ಮುಖ್ಯವಾಗಿ ಆ ಹಾಳೆ, ಬಾಗಿಲು, ಕಿಂಡಿಯ ಸಾಮಾನು. ಬಹಳ ಕಡೆ ಅದನ್ನೂ ಸಂಸ್ಥೆಗಳು ಕೊಟ್ಟಿವೆ. ಬಿಸಿಲು ತಾಳುವ ಹಾಳೆಯನ್ನು ಜೋಪಾನ ಮಾಡಿದರೆ ಐದಾರು ವರ್ಷ ಬರುತ್ತೆ. ಮೊದಲು ಮನೆಯ ಊಟಕ್ಕೆ, ಮಿಕ್ಕಿದ್ದು ನೆರೆಯವರಿಗೆ, ಪೇಟೆಗೆ.

ಇದನ್ನು ನೋಡುತ್ತಾ ನನಗೆ ನನ್ನ ಹೊಲ ನೆನಪಾಯಿತು. ನಾನೂ 2015ರಲ್ಲಿ ಸಬ್ಸಿಡಿ ಸಿಗುತ್ತೆ ಅಂತ ಸಾಲ ಮಾಡಿ ಹತ್ತು ಗುಂಟೆಗೆ ಪಾಲಿಹೌಸ್ ಹಾಕಿದವನು. ಕಬ್ಬಿಣದ ಕೊಳವೆ, ಹಾಳೆ, ಬೀಜ, ಔಷಧಿ ಎಲ್ಲವೂ ಕೊಂಡದ್ದೇ. ಮೂರನೇ ವರ್ಷ ಬಿರುಗಾಳಿಗೆ ಹಾಳೆ ಹರೀತು, ಹೊಸದಕ್ಕೆ ಮತ್ತೆ ಕೈಸಾಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ದಪ್ಪ ಮೆಣಸಿನಕಾಯಿ ಗಿಡದಲ್ಲೇ ಕೊಳೀತು, ಬಡ್ಡಿ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಅಪ್ಪ ಬಿಟ್ಟುಹೋದ ಭೂಮಿಯಲ್ಲಿ ಒಂದು ಎಕರೆ ಮಾರಿ ತೀರಿಸಿದೆ. ಆ ಕ್ರಯದ ದಿನ ನನ್ನ ಹೆಂಡತಿ ಮನೆಯಿಂದ ಹೊರಗೆ ಬರಲಿಲ್ಲ.

ಲಡಾಖಿನ ಮಣ್ಣಿನ ಮನೆಯನ್ನು ಇಲ್ಲಿ ಕಟ್ಟಿ ಅಂತ ನಾನು ಹೇಳ್ತಿಲ್ಲ. ನಮ್ಮ ಸೆಕೆಗೆ ಅದು ಒಗ್ಗೋದಿಲ್ಲ. ಬೆಲೆ ಕೇಳೋದನ್ನು ಬಿಡಿ ಅಂತಲೂ ಹೇಳ್ತಿಲ್ಲ, ಆ ಹೋರಾಟ ಇದ್ದೇ ಇದೆ. ಆದರೆ ಆ ಹೆಣ್ಣುಮಗಳು ಚಳಿಗೆ ಮುಂಚೆ ಬಿರುಕು ಹುಡುಕಿದ ಹಾಗೆ, ನೀವು ಸಾಲದ ಕಾಗದಕ್ಕೆ ಸಹಿ ಹಾಕೋ ಮುಂಚೆ ಮೂರು ಬಿರುಕು ಹುಡುಕಿ. ಇದರಲ್ಲಿ ನನ್ನ ಹೊಲದಿಂದಲೇ ಬರುವುದು ಎಷ್ಟು, ಕೊಳ್ಳುವುದು ಎಷ್ಟು? ಬೆಲೆ ಅರ್ಧಕ್ಕೆ ಬಿದ್ದರೂ ಕಂತು ಕಟ್ಟಬಲ್ಲೆನೇ? ಹಾಳೆ ಹರಿದ ವರ್ಷ ಹಣ ಎಲ್ಲಿಂದ?

ಉತ್ತರ ಸಿಗದಿದ್ದರೆ ಪೆನ್ನನ್ನು ಜೇಬಿಗೆ ಹಾಕಿಕೊಂಡು ಎದ್ದು ಬನ್ನಿ. ನಾನು ಅವತ್ತು ಎದ್ದು ಬರಲಿಲ್ಲ. ಅದಕ್ಕೇ ಇವತ್ತು ನಿಮ್ಮ ಮುಂದೆ ನಿಂತು ಹೇಳುತ್ತಿದ್ದೇನೆ.