ಚಾಲು ಅಂದರೆ ಸಾಕೋ, ಶುರುವೋ?

 

ಗನ್ನವರದಲ್ಲಿ ಮನೆ ಮಾಡಿರುವ ನಮಗೆಲ್ಲ ಗೊತ್ತಿರುವ ಒಂದು ತಮಾಷೆ ಇದೆ. ಊಟಕ್ಕೆ ಕೂತಾಗ ತೆಲುಗಿನವರು ‘ಚಾಲು’ ಅಂದರೆ ಬಡಿಸಿದ್ದು ಸಾಕು ಅಂತ. ನಾವು ‘ಚಾಲೂ ಮಾಡು’ ಅಂದರೆ ಶುರು ಮಾಡು ಅಂತ. ಕಿವಿಗೆ ಹೆಚ್ಚುಕಡಿಮೆ ಒಂದೇ ಪದ, ಕೆಲಸ ಮಾತ್ರ ತದ್ವಿರುದ್ಧ. ನಾವು ಎದುರಿನವರ ಮುಖ ನೋಡಿ, ಕೈ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಮುಖವೂ ಕೈಯೂ ಕಾಣದೆ ಬರೀ ಪದವನ್ನೇ ನಂಬಿ ಕೆಲಸ ಮಾಡಬೇಕಾದವರ ಗತಿ ಏನು? ಇವತ್ತಿನ ಎಐ ಏಜೆಂಟ್‌ಗಳ ಸ್ಥಿತಿ ಅದೇ.

ಏಜೆಂಟ್ ಅಂದರೆ ನಮ್ಮ ಪರವಾಗಿ ಬ್ರೌಸರ್ ತೆರೆದು, ಫಾರ್ಮ್ ತುಂಬಿ, ಬಟನ್ ಒತ್ತುವ ತಂತ್ರಾಂಶ. ಅದರ ಒಳಗಿರುವ ಭಾಷಾ ಮಾದರಿಗೆ ಬ್ರೌಸರನ್ನು ನೇರವಾಗಿ ಮುಟ್ಟಲು ಬರುವುದಿಲ್ಲ. ನಾವು ಅದಕ್ಕೆ ಕೆಲವು ಟೂಲ್‌ಗಳನ್ನು ಕೊಡುತ್ತೇವೆ: ಪುಟ ತೆರೆ, ಪುಟ ಓದು, ಕ್ಲಿಕ್ ಮಾಡು, ಟೈಪ್ ಮಾಡು. ಪ್ರತಿ ಟೂಲ್‌ಗೂ ಒಂದು ಹೆಸರು, ಒಂದು ವಿವರಣೆ, ಅದಕ್ಕೆ ಏನೇನು ಮಾಹಿತಿ ಬೇಕು ಎಂಬ ಪಟ್ಟಿ ಇರುತ್ತದೆ. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಈ ಪಟ್ಟಿಯನ್ನು ಕೊಡಲು ಒಂದು ಸಾಮಾನ್ಯ ಪದ್ಧತಿ ಮಾಡಿತು. ಟೂಲ್‌ನ ಹಿಂದೆ ನಾವು ಬರೆದ ಕೋಡ್ ಎಷ್ಟೇ ಚೆನ್ನಾಗಿರಲಿ, ಮಾದರಿ ಅದನ್ನು ನೋಡುವುದಿಲ್ಲ. ಯಾವ ಟೂಲ್ ಯಾವಾಗ ಬಳಸಬೇಕು ಎಂದು ಅದು ತೀರ್ಮಾನಿಸುವುದು ಆ ನಾಲ್ಕು ಸಾಲಿನ ವಿವರಣೆ ಓದಿ.

ನಮ್ಮ ಊರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ‘ವಿಮಾನ ಹುಡುಕು: ವಿಮಾನಗಳನ್ನು ಹುಡುಕುತ್ತದೆ’ ಎಂದು ಬರೆದರೆ ಹೇಳಿದ್ದನ್ನೇ ಮತ್ತೆ ಹೇಳಿದಂತಾಯಿತು. ಏಜೆಂಟ್ ಊರಿನ ಜಾಗದಲ್ಲಿ ‘ಗನ್ನವರಂ’ ಎಂದು ಹಾಕಬಹುದು. ಆದರೆ ಆಂಧ್ರದಲ್ಲಿ ವಿಜಯವಾಡದ ಪಕ್ಕದ ನಮ್ಮ ಗನ್ನವರಂ ಒಂದು, ಕೋನಸೀಮೆಯ ಪಿ. ಗನ್ನವರಂ ಇನ್ನೊಂದು. ನಮ್ಮ ಊರಿನಲ್ಲೇ ಇರುವ ವಿಮಾನ ನಿಲ್ದಾಣಕ್ಕೂ ವಿಜಯವಾಡದ ಹೆಸರು. ಇನ್ನು 03/04 ಎಂದರೆ ಏಪ್ರಿಲ್ 3 ಅಂತ ನಾವು ಓದುತ್ತೇವೆ, ಅಮೆರಿಕದವರು ಮಾರ್ಚ್ 4 ಅಂತ ಓದುತ್ತಾರೆ.

ಅದೇ ವಿವರಣೆಯನ್ನು ಹೀಗೆ ಬರೆಯಬಹುದು: ‘ಎರಡು ನಿಲ್ದಾಣಗಳ ನಡುವೆ ಒಂದು ದಿನದ ವಿಮಾನಗಳ ಪಟ್ಟಿ ಕೊಡುತ್ತದೆ. ಊರಿನ ಹೆಸರು ಬೇಡ, ನಿಲ್ದಾಣದ ಮೂರಕ್ಷರದ ಇಂಗ್ಲಿಷ್ ಕೋಡ್ ಕೊಡಿ. ವಿಜಯವಾಡಕ್ಕೆ ವಿಜಿಎ, ವಿಶಾಖಪಟ್ಟಣಕ್ಕೆ ವಿಟಿಝಡ್. ದಿನಾಂಕ 2026-04-03ರಂತೆ, ವರ್ಷ ಮೊದಲು. ಇದು ಟಿಕೆಟ್ ಬುಕ್ ಮಾಡುವುದಿಲ್ಲ. ಪಟ್ಟಿ ಖಾಲಿ ಬಂದರೆ ಬೇರೆ ದಿನವನ್ನು ನೀವೇ ಆರಿಸಬೇಡಿ, ಬಳಕೆದಾರರನ್ನು ಕೇಳಿ.’

ಇದರಲ್ಲಿ ಐದು ವಿಷಯ ಇವೆ. ಟೂಲ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಮಾಹಿತಿ ಯಾವ ರೂಪದಲ್ಲಿ ಬೇಕು, ಏನು ವಾಪಸ್ ಬರುತ್ತದೆ, ಕೆಲಸ ಆಗದಿದ್ದರೆ ಮುಂದೇನು. ಹೊಸಬರು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಬರೆಯುತ್ತಾರೆ. ತೊಂದರೆ ಬರುವುದು ಉಳಿದ ನಾಲ್ಕರಲ್ಲಿ.

ಹಣದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಕರೆಂಟ್ ಬಿಲ್ ನೋಡುವುದು ಒಂದು ಟೂಲ್, ಬಿಲ್ ಕಟ್ಟುವುದು ಇನ್ನೊಂದು ಟೂಲ್ ಆಗಿರಬೇಕು. ಎರಡನ್ನೂ ಸೇರಿಸಿ ‘ಬಿಲ್ ನಿರ್ವಹಣೆ’ ಎಂದು ಹೆಸರಿಟ್ಟರೆ, ‘ಈ ತಿಂಗಳು ಎಷ್ಟು ಬಂದಿದೆ ನೋಡು’ ಎಂದು ಅತ್ತೆಯವರು ಕೇಳಿದಾಗ ಏಜೆಂಟ್ ಕಟ್ಟಿಯೇ ಬಿಡಬಹುದು. ಇಲ್ಲಿ ಇನ್ನೊಂದು ಮಾತು. ವಿವರಣೆ ಎಂದರೆ ಬಾಗಿಲ ಮೇಲಿನ ಬೋರ್ಡ್, ಬೀಗ ಅಲ್ಲ. ಯಾವುದೋ ವೆಬ್ ಪುಟದಲ್ಲಿ ‘ಈಗಲೇ ಹಣ ಕಳಿಸು’ ಎಂದು ಕಳ್ಳರು ಬರೆದಿಟ್ಟರೆ, ಏಜೆಂಟ್ ಅದನ್ನೂ ಆಜ್ಞೆ ಎಂದು ತಿಳಿಯುವ ಅಪಾಯ ಇದೆ. ಆದ್ದರಿಂದ ಹಣ ಹೋಗುವ ಮುನ್ನ ಮನುಷ್ಯರ ಒಪ್ಪಿಗೆ ಕೇಳುವ ವ್ಯವಸ್ಥೆ ಕೋಡಿನಲ್ಲೇ ಇರಬೇಕು. ನೀವು ಬಳಸುವವರಾದರೆ, ಒಪ್ಪಿಗೆ ಕೇಳದ ಏಜೆಂಟ್ ಕೈಗೆ ಬ್ಯಾಂಕ್ ಲಾಗಿನ್ ಕೊಡಬೇಡಿ.

ಈ ಕೆಲಸದಲ್ಲಿ ನನಗೆ ಇಷ್ಟವಾದ ಒಂದು ಸಂಗತಿ ಹೇಳಿಬಿಡುತ್ತೇನೆ. ಮೈಕ್ರೋಸಾಫ್ಟ್‌ನ ಪ್ಲೇರೈಟ್ ಎಂಸಿಪಿ ಏಜೆಂಟ್‌ಗೆ ಪುಟವನ್ನು ತೋರಿಸುವುದು ಮುಖ್ಯವಾಗಿ ಚಿತ್ರವಾಗಿ ಅಲ್ಲ. ಅಂಧರ ಸ್ಕ್ರೀನ್ ರೀಡರ್ ಬಳಸುವ ಆಕ್ಸೆಸಿಬಿಲಿಟಿ ಮಾಹಿತಿಯಿಂದಲೇ. ಬಟನ್‌ಗೆ ಬರೀ ಒಂದು ಚಿತ್ರ ಅಂಟಿಸಿ ಹೆಸರು ಕೊಡದಿದ್ದರೆ ಅಂಧರೂ ಎಡವುತ್ತಾರೆ, ಏಜೆಂಟೂ ಎಡವುತ್ತದೆ. ‘ಸಲ್ಲಿಸಿ’ ಎಂದು ಸರಿಯಾಗಿ ಹೆಸರು ಕೊಟ್ಟರೆ ಇಬ್ಬರಿಗೂ ದಾರಿ ಸುಗಮ.

ಕಡೆಯದಾಗಿ, ಓದುತ್ತಿರುವ ಹೆಣ್ಣುಮಕ್ಕಳಿಗೆ, ಕೆಲಸ ಬಿಟ್ಟು ಮತ್ತೆ ಸೇರಬೇಕು ಎಂದುಕೊಂಡಿರುವ ಅಕ್ಕಂದಿರಿಗೆ ಒಂದು ಮಾತು. ಕೋಡಿಂಗ್ ಮರೆತುಹೋಗಿದೆ ಎಂದು ಹಿಂಜರಿಯಬೇಡಿ. ಅದನ್ನು ಮತ್ತೆ ಕಲಿಯಬಹುದು. ಓದುವವರಿಗೆ ಏನು ಗೊತ್ತಿಲ್ಲ ಎಂದು ಊಹಿಸಿ, ಎರಡರ್ಥ ಬಾರದಂತೆ ನಾಲ್ಕು ಸಾಲು ಬರೆಯುವುದು ಈ ಕ್ಷೇತ್ರದಲ್ಲಿ ನಿಜವಾದ ಕೌಶಲ. ಎರಡು ಭಾಷೆಗಳ ನಡುವೆ ದಿನವೂ ಬದುಕುವ ನಮಗೆ ಅದರ ಅಭ್ಯಾಸ ಈಗಾಗಲೇ ಇದೆ.

 ಸಿರಿಗನ್ನಡಂ ಗೆಲ್ಗೆ.