ಗದ್ದೆಯ ಏಡಿಯೂ ಅದರ ಮರಿಗಳ ಪಾಲನೆಯೂ



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪ್ರಾಂತಗಳಲ್ಲಿ ಏಡಿಯನ್ನು ಕಾಣದ ಬೇಸಾಯಗಾರನಿಲ್ಲ. ತುಳುವಿನಲ್ಲಿ ಡೆಂಜಿ ಎನಿಸಿಕೊಳ್ಳುವ ಈ ಪ್ರಾಣಿಯ ಮೇಲೆ ರೈತರ ದೂರು ಎರಡು. ಗದ್ದೆಯ ಹುಣಿಯಲ್ಲಿ ಬಿಲ ತೋಡಿ ಮೇಲಿನ ಗದ್ದೆಯ ನೀರನ್ನು ಕೆಳಕ್ಕೆ ಸೋರಿಸುವುದೊಂದು. ಹೊಸದಾಗಿ ನೆಟ್ಟ ನೇಜಿಯನ್ನು ನೀರಿನ ಮಟ್ಟದಲ್ಲಿ ಕತ್ತರಿಸುವುದು ಇನ್ನೊಂದು. ಎರಡೂ ನಿಜವೇ. ಮೆಟ್ಟಿಲು ಮೆಟ್ಟಿಲಾಗಿರುವ ಮಜಲು ಗದ್ದೆಗಳಲ್ಲಿ ಮಳೆ ಎರಡು ದಿನ ತಡೆದರೆ ಸಾಕು, ಒಂದು ಬಿಲದ ನಷ್ಟ ಕಣ್ಣಿಗೆ ಕಾಣುತ್ತದೆ. ಆದರೆ ಬಿಲಕ್ಕೆ ವಿಷವನ್ನು ಸುರಿಯುವವನು ಆ ಬಿಲದೊಳಗೆ ನಡೆಯುವ ಸಂಗತಿಯನ್ನು ಮೊದಲು ಅರಿತಿರುವುದು ಉಚಿತ.

ಸಮುದ್ರದ ಏಡಿಯೂ ಅಳಿವೆಯ ಏಡಿಯೂ ಒಂದೊಂದು ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆಗಳನ್ನು ಹೊರುತ್ತವೆ. ಆ ಮೊಟ್ಟೆ ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದು. ಅದರಿಂದ ಹೊರಡುವ ಮರಿಗೆ ಏಡಿಯ ರೂಪವೇ ಇರುವುದಿಲ್ಲ. ಅದು ಹುಳುವಿನಂತೆ ನೀರಿನಲ್ಲಿ ತೇಲುತ್ತ, ಹಲವು ಸಲ ಪೊರೆ ಕಳಚಿ ಏಡಿಯಾಗುತ್ತದೆ. ಅಷ್ಟರಲ್ಲಿ ಬಹುಪಾಲು ಮರಿಗಳು ಮೀನುಗಳ ಪಾಲಾಗುತ್ತವೆ. ತಾಯಿಗೆ ಅದರ ಚಿಂತೆಯಿಲ್ಲ. ಘಟ್ಟದ ಬುಡದ ತೋಡುಗಳಲ್ಲಿ ಈ ಕ್ರಮ ನಡೆಯುವಂತಿಲ್ಲ. ಆಷಾಢದ ಪ್ರವಾಹದಲ್ಲಿ ತೇಲುವ ಮರಿಯು ನೇತ್ರಾವತಿಯನ್ನು ಸೇರಿ ಕಡಲಿಗೆ ಹೋಗುವುದೇ ಸರಿ.

ಆದಕಾರಣ ಸಿಹಿನೀರಿನ ಏಡಿಯು ಬೇರೊಂದು ಮಾರ್ಗವನ್ನು ಹಿಡಿದಿದೆ. ಅದರ ಮೊಟ್ಟೆಗಳು ಕೆಲವೇ. ಜಾತಿಯನ್ನೂ ತಾಯಿಯ ಗಾತ್ರವನ್ನೂ ಅನುಸರಿಸಿ ಕೆಲವು ಹತ್ತುಗಳಿಂದ ಕೆಲವು ನೂರುಗಳವರೆಗೆ. ಆದರೆ ಪ್ರತಿಯೊಂದು ಮೊಟ್ಟೆಯೂ ಸುಮಾರು ಎರಡು ಮೂರು ಮಿಲಿಮೀಟರ್ ದಪ್ಪವಿದ್ದು, ಮರಿಗೆ ಬೇಕಾದ ಆಹಾರವನ್ನು ತನ್ನಲ್ಲಿಯೇ ತುಂಬಿಕೊಂಡಿರುತ್ತದೆ. ಹೆಣ್ಣೇಡಿಯ ಹೊಟ್ಟೆಯಡಿ ಮಡಿಚಿಕೊಂಡಿರುವ ಮುಚ್ಚಳವು ಅಗಲವಾಗಿ ಬಟ್ಟಲಿನಂತಿರುತ್ತದೆ. ಗಂಡಿನಲ್ಲಿ ಅದು ಇಕ್ಕಟ್ಟು, ತುದಿ ಚೂಪು. ಆ ಬಟ್ಟಲಿನೊಳಗಿನ ರೋಮವುಳ್ಳ ಎಳೆಗಳಿಗೆ ಮೊಟ್ಟೆಗಳು ಅಂಟಿಕೊಳ್ಳುತ್ತವೆ. ತಾಯಿಯು ಬಿಲದ ತಂಪಿನಲ್ಲಿ ಕುಳಿತು ಮುಚ್ಚಳವನ್ನು ಆಡಿಸಿ ಅವುಗಳಿಗೆ ಗಾಳಿನೀರನ್ನು ಒದಗಿಸುತ್ತದೆ. ಕಡಲಿನ ಮರಿಯು ನೀರಿನಲ್ಲಿ ಪಡೆಯುವ ರೂಪಾಂತರಗಳೆಲ್ಲವೂ ಇಲ್ಲಿ ಮೊಟ್ಟೆಯ ಒಳಗೇ ಮುಗಿಯುತ್ತವೆ. ಹೊರಬರುವುದು ಕಾಲು ಕೊಂಬುಗಳೆಲ್ಲ ಕೂಡಿದ ಪುಟ್ಟ ಏಡಿಯೇ. ಅದೂ ಕೂಡಲೇ ತಾಯಿಯನ್ನು ಅಗಲದು. ಕೆಲವು ದಿನ, ಕೆಲವು ಜಾತಿಗಳಲ್ಲಿ ವಾರಗಳವರೆಗೆ, ಅದೇ ಬಟ್ಟಲಿನಲ್ಲಿ ಆಶ್ರಯ ಪಡೆದಿರುತ್ತದೆ. ದಕ್ಷಿಣ ಭಾರತದ ಗದ್ದೆಯ ಏಡಿಗಳಲ್ಲಿ ಸಾಮಾನ್ಯವಾಗಿ ಬೇಸಿಗೆಯ ಕೊನೆಯಲ್ಲಿ ಮೊಟ್ಟೆಯೂ ಮಳೆ ಹಿಡಿದ ಮೇಲೆ ಮರಿಯೂ ಕಾಣಿಸುತ್ತವೆ.

ಇದನ್ನೂ ಮೀರಿಸಿದ ತಾಯಿಯೊಂದುಂಟು. ಜಮೈಕಾ ದ್ವೀಪದಲ್ಲಿ ಅನಾನಸಿನ ಕುಲಕ್ಕೆ ಸೇರಿದ, ಮರದ ಮೇಲೆ ಬೆಳೆಯುವ ಗಿಡಗಳ ಎಲೆಯ ಬುಡದಲ್ಲಿ ನಿಂತ ಮಳೆನೀರೇ ಅದರ ಮನೆ. ಆ ಏಡಿಯ ಸಂತಾನಪಾಲನೆಯನ್ನು ವಿದ್ವಾಂಸ ರುಡಾಲ್ಫ್ ಡೀಸೆಲ್ 1989ರಲ್ಲಿ ವರ್ಣಿಸಿ ಪ್ರಕಟಿಸಿದನು. ಅದು ಕೊಳೆತ ಎಲೆಗಳನ್ನು ನೀರಿನಿಂದ ತೆಗೆದುಹಾಕುತ್ತದೆ, ನೀರಿನ ಹುಳಿಯನ್ನು ತಗ್ಗಿಸುವ ಬಸವನಹುಳದ ಚಿಪ್ಪುಗಳನ್ನು ತಂದಿಡುತ್ತದೆ, ಮರಿಗಳಿಗೆ ಆಹಾರವನ್ನೂ ಒದಗಿಸುತ್ತದೆ. ಕೊಟ್ಟಿಗೆಯನ್ನು ಇಷ್ಟು ಚೊಕ್ಕಟವಾಗಿಡುವ ಮನುಷ್ಯರೂ ವಿರಳ.

ಇನ್ನು ನಮ್ಮ ಹುಣಿಗಳ ವಿಚಾರ. ಕಡಲಿನ ಒಂದು ಏಡಿ ಸತ್ತರೆ ಅದರ ಸ್ಥಾನವನ್ನು ಎಲ್ಲಿಂದಲೋ ತೇಲಿಬಂದ ಮರಿ ತುಂಬುತ್ತದೆ. ತೋಡಿನ ಏಡಿಗೆ ಹಾಗಿಲ್ಲ. ಮೂಡುಬಿದಿರೆಯ ಕಡೆಯಿಂದ ಫಲ್ಗುಣಿಗೆ ಹರಿಯುವ ತೋಡು ಬರಿದಾದರೆ, ನೇತ್ರಾವತಿಯ ಏಡಿಯು ಕಡಲನ್ನು ಬಳಸಿ ಬಂದು ಅದನ್ನು ತುಂಬಲಾರದು. ನೆಲದ ಮೇಲೆ ನಡೆದೇ ಬರಬೇಕು. 2009ರಲ್ಲಿ ಪ್ರಕಟವಾದ ಪ್ರಪಂಚದ ಗಣನೆಯೊಂದರಲ್ಲಿ ಸಿಹಿನೀರಿನ ಏಡಿಗಳ ಜಾತಿಗಳು ಸುಮಾರು 1280 ಎಂದಿದ್ದು, ಅವುಗಳಲ್ಲಿ ಆರರಲ್ಲೊಂದು ಪಾಲು ಅಳಿವಿನ ಅಂಚಿನಲ್ಲಿರಬಹುದೆಂದು ಎಣಿಸಲಾಯಿತು. ಕೊಳೆತ ಎಲೆಗಳನ್ನು ತಿಂದು ತೋಡನ್ನು ಶುಚಿಗೊಳಿಸುವುದೂ, ನೀರುನಾಯಿ, ಮುಂಗುಸಿ, ಮೀಂಚುಳ್ಳಿಗಳಿಗೆ ಆಹಾರವಾಗುವುದೂ ಈ ಪ್ರಾಣಿಯೇ. ವಿಷವು ತಾಯಿಯನ್ನೂ ಅದರ ಒಡಲಿನ ನೂರು ಮರಿಗಳನ್ನೂ ಒಂದೇ ಗಳಿಗೆಯಲ್ಲಿ ತೀರಿಸುವುದಲ್ಲದೆ ಮೀನಿಗೂ ಕೆಳಗಿನ ಬಾವಿಗೂ ಇಳಿಯುತ್ತದೆ.

ಹುಣಿಯ ರಕ್ಷಣೆಗೆ ಹಳೆಯ ಉಪಾಯವೇ ಲೇಸು. ಏಣೇಲು ಬೆಳೆಗೆ ಉಳುವಾಗಲೇ ಹುಣಿಯ ಹುಲ್ಲನ್ನು ಕೆತ್ತಿ, ಬಿಲಗಳನ್ನು ಅಗೆದು ಜೇಡಿಮಣ್ಣಿನಿಂದ ತುಳಿದು ಮುಚ್ಚಿ, ಮೈಗೆ ಕೆಸರನ್ನು ಮೆತ್ತಬೇಕು. ತೀರ ಎಳೆಯ ನೇಜಿಯನ್ನು ನೆಡದೆ, ಕತ್ತರಿಸಿಹೋದ ಕಡೆ ತುಂಬಲು ಒಂದಿಷ್ಟನ್ನು ಉಳಿಸಿಕೊಂಡಿರಬೇಕು. ಮೊದಲ ಮಳೆಯ ರಾತ್ರಿ ಸೂಟೆಯನ್ನೋ ದೀಪವನ್ನೋ ಹಿಡಿದು ಏಡಿ ಹಿಡಿಯುವ ಹುಡುಗರಿಗೆ ಅದನ್ನು ಅಂಗಾತ ಮಾಡಿ ನೋಡುವ ಅಭ್ಯಾಸವನ್ನು ಊರಿನ ಮುಖಂಡರು ಕಲಿಸಬೇಕು: ಮುಚ್ಚಳ ಇಕ್ಕಟ್ಟಾಗಿದ್ದರೆ ಸಾರಿಗೆ ಹೋಗಲಿ, ಅಗಲವಾಗಿದ್ದು ಒಳಗೆ ಮೊಟ್ಟೆಯೋ ಮರಿಯೋ ಇದ್ದರೆ ಗದ್ದೆಯಿಂದ ದೂರಕ್ಕೆ, ಅದೇ ತೋಡಿನ ಕಲ್ಲುಗಳ ನಡುವೆ ಬಿಡಬೇಕು.

ಅಡಿಕೆ ತೋಟದವರಿಗೆ ಒಂದು ಮಾತು. ಕೊಳೆರೋಗದ ಮೇಲೆ 1910ರಲ್ಲಿ ಬರೆದ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್‌ಮನ್ನರ ಕಾಲದಿಂದಲೂ ಬೋರ್ಡೋ ದ್ರಾವಣವು ತೋಟಗಳನ್ನು ಕಾಪಾಡಿದೆ, ಅದನ್ನು ಬಿಡಬೇಕಾಗಿಲ್ಲ. ಆದರೆ ಮಳೆಗಾಲದ ಮೊದಲ ಸಿಂಪಡಣೆಯ ಹೊತ್ತೇ ಏಡಿಯು ಮರಿಗಳನ್ನು ಹೊತ್ತಿರುವ ಹೊತ್ತು, ಮೈಲುತುತ್ತವೋ ನೀರಿನ ಚಿಪ್ಪುಪ್ರಾಣಿಗಳಿಗೆ ವಿಷ. ಉಳಿದ ದ್ರಾವಣವನ್ನೂ ಪೀಪಾಯಿ ತೊಳೆದ ನೀರನ್ನೂ ತೋಡಿಗೆ ಚೆಲ್ಲದೆ, ಬಾವಿಯಿಂದಲೂ ತೋಡಿನಿಂದಲೂ ದೂರವಾಗಿ ತೋಡಿದ ಗುಂಡಿಗೆ ಸುರಿದು ಮಣ್ಣು ಮುಚ್ಚುವುದು.